ಎದೆಯಲ್ಲಿ ಕರೆಂಟು, ಕೈಯಲ್ಲಿ ಟೇಪು

ಎದೆಯೊಳಗೆ ಮಿಷನ್ ಇಟ್ಟುಕೊಂಡವನಿಗೆ ನೆಮ್ಮದಿಯಾಗಿ ಅಳುವುದಕ್ಕೂ ಜನ ಬಿಡುವುದಿಲ್ಲ, ನಡುವೆ ಏನಾದರೂ ನಗೆಪಾಟಲು ಆಗಿಯೇ ಆಗುತ್ತದೆ. ನಾನು ಬೆಂಗಳೂರಿನ ಸಾರಕ್ಕಿಯಲ್ಲಿ ಟೈಲರ್. ನನ್ನ ಹೃದಯ ತಾಳ ತಪ್ಪಿದರೆ, ಡಾಕ್ಟರು ಎದೆಯಲ್ಲಿ ಕೂರಿಸಿದ ಈ ಬ್ಯಾಟರಿ ಮಿಷನ್ ತಾನಾಗಿಯೇ ಶಾಕ್ ಕೊಟ್ಟು ಸರಿಮಾಡುತ್ತದೆ. ಜೀವ ಉಳಿಸುವುದು ಅದೇ, ಜೀವ ತಿನ್ನುವುದೂ ಅದೇ.

1

ಮೊದಲ ಶಾಕ್ ಬಂದದ್ದು ಅಂಗಡಿಯಲ್ಲಿ, ಗಿರಾಕಿಯೊಬ್ಬರ ಎದೆಯ ಅಳತೆ ತೆಗೆಯುವಾಗ. ಒಳಗಿನಿಂದ ಕತ್ತೆ ಒದ್ದ ಹಾಗಾಯಿತು. ನಾನು ಕಿರುಚಿದೆ. ನನಗಿಂತ ಜೋರಾಗಿ ಅವರು ಕಿರುಚಿ ಹೊರಗೋಡಿದರು. ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರೆ ಫುಟ್‌ಪಾತಿನಿಂದ ದನಿ ಬಂತು:

"ಟೈಲರ್ ಸಾರ್, ಎದೆ ನಲವತ್ತೆರಡು ಅಂತಾನೇ ಬರ್ಕೊಳ್ಳಿ. ಮತ್ತೆ ಅಳೀಬೇಡಿ!"

2

ಈ ಟೈಲರ್ ಮುಟ್ಟಿದರೆ ಕರೆಂಟ್ ಹೊಡೆಯುತ್ತದೆ ಎಂದು ಸುದ್ದಿ ಹಬ್ಬಿತು. ಬಂದವರೆಲ್ಲ ಮೈ ಅಳೆಸಿಕೊಳ್ಳುವ ಬದಲು ಅಳತೆಗೆಂದು ಹಳೇ ಶರ್ಟು ತರತೊಡಗಿದರು. ಒಬ್ಬರು ಮದುವೆಯಲ್ಲಿ ಹಾಕಿದ್ದ ಶರ್ಟನ್ನೇ ತಂದರು.

"ಇದು ಈಗ ಬಿಗಿಯಾಗುತ್ತೆ ಸಾರ್. ಒಂದ್ಸಲ ಟೇಪ್ ಹಿಡೀತೀನಿ," ಎಂದೆ.

"ಬೇಡ ಬೇಡ, ಇದೇ ಅಳತೆಗೆ ಹೊಲೀರಿ. ನಾನೇ ಸಣ್ಣ ಆಗ್ತೀನಿ!"

ನಮ್ಮಪ್ಪನೂ ಟೈಲರ್. ಅವರ ಕಾಲದಲ್ಲಿ ಕೆಲವರು ಅವರಿಂದ ಮೈ ಮುಟ್ಟಿಸಿಕೊಳ್ಳದೆ ಹಳೇ ಅಂಗಿಯನ್ನು ಜಗಲಿಯ ಮೇಲಿಟ್ಟು ದೂರ ಸರಿಯುತ್ತಿದ್ದರಂತೆ. ಅವರಿಗೆ ಅಡ್ಡ ಬಂದದ್ದು ಜಾತಿ, ನನಗೆ ಬ್ಯಾಟರಿ. ಕಾಲ ಮುಂದುವರಿದಿದೆ, ಇಲ್ಲ ಅನ್ನುವಂತಿಲ್ಲ.

3

ಊರು ಮುಟ್ಟದಿದ್ದರೆ ಹಾಳಾಗಿ ಹೋಗಲಿ, ಹೆಂಡತಿಯೂ ಮುಟ್ಟುವುದನ್ನು ಬಿಟ್ಟಳು. ಕಾಫಿಯನ್ನು ಟೀಪಾಯಿ ಮೇಲಿಟ್ಟು ಹಿಂದೆ ಸರಿಯುವಳು. ನನ್ನ ಹಾಸಿಗೆ ನಡುಮನೆಗೆ ಹೋಯಿತು. ಮುಂದಿನ ಶಾಕ್ ಯಾವಾಗಲೋ ಎಂದು ನನಗೆ ಮೆಟ್ಟಿಲು ಹತ್ತಲು ಭಯ, ಗಟ್ಟಿಯಾಗಿ ನಗಲೂ ಭಯ. ಆ ಭಯದಲ್ಲಿ ಹಿಡಿದುಕೊಳ್ಳಲು ಒಂದು ಕೈ ಇಲ್ಲವಲ್ಲ ಎನ್ನುವುದು ಶಾಕಿಗಿಂತ ಹೆಚ್ಚು ನೋಯಿಸುತ್ತಿತ್ತು.

ಒಂದು ಹಬ್ಬದ ಬೆಳಿಗ್ಗೆ ಎಣ್ಣೆ ಬಟ್ಟಲು ಹಿಡಿದು ಬಂದಳು. ಕಾಲಲ್ಲಿ ರಬ್ಬರ್ ಚಪ್ಪಲಿ. ಬಚ್ಚಲಲ್ಲಿ ನನ್ನ ಹಿಂದೆ ಮರದ ಮಣೆ ಹಾಕಿ ಅದರ ಮೇಲೆ ನಿಂತಳು.

"ಇದೇನೇ?"

"ಕರೆಂಟ್ ಕೆಲಸದೋರು ಹೀಗೇ ಅಲ್ವಾ ನಿಲ್ಲೋದು? ತಲೆ ಬಗ್ಸಿ."

ನಗು ಬಂತು. ಎಷ್ಟೋ ದಿನದ ಮೇಲೆ ಅವಳ ಅಂಗೈ ನೆತ್ತಿಗೆ ತಾಗಿದಾಗ ಅಳುವೂ ಬಂತು. ಹಾಳು ಮಿಷನ್ನು ಹೊಡೆಯಲು ಅದೇ ಗಳಿಗೆಯನ್ನು ಹುಡುಕಿಕೊಂಡಿತು. ಕಿರುಚಿ ಹಿಂದಕ್ಕೆ ಬಿದ್ದೆ.

ಕಣ್ಣು ಬಿಟ್ಟಾಗ ಮಣೆ ಮಗುಚಿತ್ತು, ಚಪ್ಪಲಿಗಳು ದಿಕ್ಕಿಗೊಂದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಕೂತು ಅವಳು ನನ್ನನ್ನು ಎದೆಗೆ ಅವುಚಿಕೊಂಡಿದ್ದಳು.

"ನಿಂಗೂ ಹೊಡೀತಾ?"

"ಕೈ ಒಂಚೂರು ಜುಮ್ ಅಂತು. ಅಷ್ಟೇ."

ಹೇಳಿದವಳೇ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದಳು:

"ಇಷ್ಟಕ್ಕೇನ್ರೀ ನಾನು ಇಷ್ಟು ದಿನ ನಿಮ್ಮನ್ನ ಮುಟ್ಟದೆ ಇದ್ದಿದ್ದು?"