ಮೂಡೆಗೆ ಹತ್ತಕ್ಕೆ ಎಷ್ಟು?

ನಮ್ಮ ಊರಿನವರಿಂದ ತಿಂಡಿಗೆ ಒಂದು ಅಂಕ ಕಡಿಮೆ ಕೊಡಿಸುವುದು ದೇವರಿಗೂ ಸಾಧ್ಯವಿಲ್ಲ. ಇದನ್ನು ತಿಳಿಯಲು ನಾನು ಮನೆಯ ನೆಮ್ಮದಿಯನ್ನೇ ಪಣಕ್ಕಿಡಬೇಕಾಯಿತು. ಮಣಿಪಾಲದಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಕಲಿಸುವವನು ನಾನು. ಮೂರು ಗುಂಪುಗಳ ನಡುವೆ ನಿಜವಾಗಿಯೂ ವ್ಯತ್ಯಾಸವಿದೆಯೋ, ಅದು ಬರೀ ನಮ್ಮ ಭ್ರಮೆಯೋ ಎಂದು ಹೇಳುವ ಅನೋವಾ ಎಂಬ ಲೆಕ್ಕವೇ ನನ್ನ ಅನ್ನ. ಅಂಥವನ ಅಲೆವೂರಿನ ಮನೆಯಲ್ಲೇ ಕೃಷ್ಣಾಷ್ಟಮಿಯ ಮೊದಲು ತಕರಾರು ಎದ್ದಿತು.

ಅಮ್ಮನಿಗೆ ಕಡುಬಿನ ಹಿಟ್ಟು ಮುಳ್ಳು ಕೇದಗೆಯ ಎಲೆಯಲ್ಲೇ ಬೇಯಬೇಕು, ಆಗಲೇ ಅದು ಮೂಡೆ. ಎಲೆ ಕೊಯ್ದು ಕೈ ಗೀರಿಸಿಕೊಳ್ಳುವವಳು ಮಾತ್ರ ಹೆಂಡತಿ ಸುಮನ. ಈ ಸಲ ಸ್ಟೀಲ್ ಲೋಟ ಸಾಕು, ಹಿಟ್ಟು ಒಂದೇ ಆದರೆ ರುಚಿಯೂ ಒಂದೇ ಎಂದಳು ಅವಳು. ಅಮ್ಮ ಮುಖ ತಿರುಗಿಸಿದರು. ನನಗೋ ತಡೆಯಲಾರದ ಕುತೂಹಲ. ಹಲಸಿನ ಎಲೆಯನ್ನೂ ಸೇರಿಸಿ ಮೂರು ಬಗೆ ಮಾಡಿಸಿದೆ. ಗೆದ್ದದ್ದೇ ಅಷ್ಟಮಿಗೆ ಎಂದು ಇಬ್ಬರನ್ನೂ ಒಪ್ಪಿಸಿ, ನೆರೆಯವರನ್ನು ಕರೆದು, ಕಣ್ಣು ಮುಚ್ಚಿಸಿ ತಿನ್ನಿಸಿ, ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಎಲ್ಲರೂ ಎಲ್ಲದಕ್ಕೂ ಹತ್ತು ಕೊಟ್ಟರು. ಪಕ್ಕದ ಮನೆಯ ಜೂಲಿಯಾನಾ ಬಾಯಿಯವರನ್ನು, ಸ್ವಲ್ಪವಾದರೂ ಹೆಚ್ಚುಕಡಿಮೆ ಇಲ್ಲವೇ ಎಂದು ಬೇಡಿಕೊಂಡೆ.

"ತಿಂದ ಮನೆಯಲ್ಲಿ ಅಂಕ ಕಡಿಮೆ ಮಾಡ್ಲಿಕ್ಕುಂಟಾ ಮಾರಾಯ?" ಎಂದು ಅವರು ನನ್ನನ್ನೇ ಗದರಿಸಿದರು.

ಅಂಕಗಳಲ್ಲಿ ಏರುಪೇರೇ ಇಲ್ಲದಿದ್ದರೆ ಅನೋವಾ ಏನನ್ನು ಅಳೆಯಬೇಕು? ಕಂಪ್ಯೂಟರ್ ಉತ್ತರವನ್ನೇ ಕೊಡಲಿಲ್ಲ. ಹೇಗಾದರೂ ಲೆಕ್ಕ ಓಡಲಿ ಎಂದು ನನ್ನ ಅಂಕಗಳನ್ನೂ ಸೇರಿಸಿದೆ, ಹೆಸರು ಹಾಕದೆ, ಆದರೆ ಪ್ರಾಮಾಣಿಕವಾಗಿ. ಮೂಡೆಗೆ ಹತ್ತು, ಹಲಸಿನ ಎಲೆಯದಕ್ಕೆ ಒಂಬತ್ತು, ಲೋಟದ್ದಕ್ಕೆ ಆರು. ಗಣನೀಯ ವ್ಯತ್ಯಾಸವಿಲ್ಲ ಎಂದು ತೀರ್ಪು ಬಂತು. ಹೆಮ್ಮೆಯಿಂದ ಪರದೆಯನ್ನು ಇಬ್ಬರಿಗೂ ತೋರಿಸಿದೆ. ಅಲ್ಲಿ ಒಂದು ನಕ್ಷೆಯೂ ಇತ್ತು. ಚುಕ್ಕಿಗಳೆಲ್ಲ ಮೇಲೆ ಗುಂಪಾಗಿದ್ದವು, ಲೋಟದ ಸಾಲಿನಲ್ಲಿ ಒಂದೇ ಒಂದು ಕೆಳಗೆ ಬಿದ್ದಿತ್ತು.

ಸುಮನ ಅದರ ಮೇಲೆ ಬೆರಳಿಟ್ಟಳು. "ನೆರೆಯವರು ಹತ್ತು ಹೇಳಿದ್ದು ನಾನೇ ಕೇಳಿದ್ದೇನೆ. ಇದು ಯಾರು?"

ನಾನು ಪರದೆ ಮುಚ್ಚಲು ಹೋದೆ. ಅಮ್ಮ ನಕ್ಕರು.

"ಇಷ್ಟು ರುಚಿ ಗೊತ್ತಿರುವವರು ಮನೆಯಲ್ಲೇ ಉಂಟಲ್ವಾ," ಎಂದಳು ಸುಮನ. "ಇನ್ನು ಎಲೆ ಕೊಯ್ಯುವುದು ನೀವೇ."

ಅಷ್ಟಮಿಯ ಹಿಂದಿನ ದಿನ ತೋಡಿನ ಬದಿಯ ಕೇದಗೆ ಪೊದೆಯಲ್ಲಿ ಅಂಗಿ ಸಿಕ್ಕಿಹಾಕಿಕೊಂಡು ನಿಂತಿದ್ದೆ. ಕಾರ್ಕಳದ ವಿದ್ಯಾರ್ಥಿಯೊಬ್ಬನ ಫೋನು ಬಂತು. ಅವನ ದತ್ತಾಂಶದಲ್ಲಿ ಒಂದೇ ಒಂದು ಚುಕ್ಕಿ ಎಲ್ಲರಿಂದ ದೂರ ಬಿದ್ದಿದೆಯಂತೆ, ತೆಗೆದುಹಾಕಲೇ ಎಂದು ಕೇಳಿದ. ಎಂದಿನಂತೆ ನಿಯಮಗಳನ್ನು ಹೇಳಲು ಬಾಯಿ ತೆರೆದೆ. ಮುಂಗೈಗೆ ಮುಳ್ಳು ಗೀರಿತು.

"ಇರಲಿ ಬಿಡು ಮಾರಾಯ," ಎಂದೆ. "ಪಾಪ, ಅದು ನಿಜ ಹೇಳಿರಬೇಕು."