ರಾಹುಕಾಲದಲ್ಲಿ ಸಿಕ್ಕ ಜಿಂಕೆ

ನಮ್ಮ ಭಾವನಷ್ಟು ಉಪಯೋಗಕ್ಕೆ ಬಾರದ ಜ್ಞಾನ ತುಂಬಿಕೊಂಡ ಮನುಷ್ಯ ಇನ್ನೊಬ್ಬನಿದ್ದರೆ ತೋರಿಸಿ, ನಾನು ಅಮೆರಿಕದ ನಮ್ಮ ಟೊರೆನ್ಸ್‌ನಿಂದ ಭಾವ ಇರುವ ಸ್ಯಾನ್ ಡಿಯೇಗೊದ ರಾಂಚೊ ಬರ್ನಾರ್ಡೊವರೆಗೆ ನೂರು ಮೈಲಿ ನಡೆದುಕೊಂಡೇ ಹೋಗುತ್ತೇನೆ! ಅಕ್ಕನ ಗಂಡ. ಹುಟ್ಟಾ ಸಸ್ಯಾಹಾರಿ. ಮೊಟ್ಟೆ ಹಾಕಿರಬಹುದೆಂದು ಆಫೀಸಿನ ಕೇಕನ್ನೂ ಮೂಸಿ ನೋಡಿ ಬಿಟ್ಟುಬಿಡುವವರು. ಇಂಥವರಿಗೆ ಹೊಡೆದ ಜಿಂಕೆಯ ಹೊಟ್ಟೆಯನ್ನು ಯಾವಾಗ ಸೀಳಬೇಕು, ಎಲ್ಲಿ ಸೀಳಬೇಕು ಎಂಬುದು ಸಂಧ್ಯಾವಂದನೆಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಅಮೆರಿಕನ್ ಅಜ್ಜ. ಎಂಬತ್ತು ದಾಟಿದೆ, ಹೆಂಡತಿ ಇಲ್ಲ. ಲಾಕ್‌ಡೌನಿನಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಾಗ ಬೇಲಿಯ ಆಚೆ ಅಜ್ಜ, ಈಚೆ ಭಾವ. ನಿಂಬೆಹಣ್ಣು ಈ ಕಡೆಗೆ, ಚಿತ್ರಾನ್ನ ಆ ಕಡೆಗೆ. ಅಜ್ಜ ಹರೆಯದಿಂದಲೂ ವರ್ಷ ತಪ್ಪದೆ ಬೇಟೆಗೆ ಹೋದವರು. ಜೊತೆಗಾರ ತೀರಿಕೊಂಡಿದ್ದ. ಮಗಳು ಕಡ್ಡಿ ಮುರಿದಂತೆ ಹೇಳಿದ್ದಳಂತೆ: "ಒಬ್ಬರೇ ಹೋಗೋ ಹಾಗಿಲ್ಲ. ನಿಮ್ಮ ಕೈಲಾಗಲ್ಲ ಅಂತ ಗೊತ್ತಾದ ದಿನ ಬಂದೂಕು ಮಾರಿಬಿಡ್ತೀನಿ." ಭಾವ ತಕ್ಷಣ "ನಾನು ಬರ್ತೀನಿ" ಎಂದುಬಿಟ್ಟರು. ಯಾರಿಗೂ ಇಲ್ಲ ಎನ್ನಲು ಬಾರದ ಬಾಯಿ!

ಹೋಗುವುದೆಂದರೆ ಸುಮ್ಮನೆ ಹೋಗುತ್ತಾರೆಯೇ? ಎಂಜಿನಿಯರ್ ಅಲ್ಲವೇ! ಬೇಟೆಗಾರರ ಆನ್‌ಲೈನ್ ಕೋರ್ಸ್ ಮಾಡಿ, ನೂರಕ್ಕೆ ನೂರು ತೆಗೆದು, ಸರ್ಟಿಫಿಕೇಟನ್ನು ಫ್ರಿಜ್ ಮೇಲೆ ಅಂಟಿಸಿದರು. ಆಮೇಲೆ ಅಡುಗೆಮನೆಯಲ್ಲಿ ಪ್ರಾಕ್ಟಿಕಲ್. ಕುಂಬಳಕಾಯಿಯ ತಿರುಳು ತೆಗೆದು, ಒಳಗೆ ನೀರು ತುಂಬಿದ ಬಲೂನು ಇಟ್ಟು, ಅದು ಒಡೆಯದ ಹಾಗೆ ಸೀಳುವುದು.

"ರೀ, ಏನ್ರೀ ಇದು ಅವತಾರ?" ಎಂದಳು ಅಕ್ಕ.

"ಒಳಗಿನ ಚೀಲ ಒಡೀಬಾರ್ದು ಕಣೇ. ಒಡೆದ್ರೆ ಮಾಂಸ ಎಲ್ಲಾ ಹಾಳು."

"ಹುಳಿಗೆ ಅಂತ ತಂದಿದ್ದೆ. ಮಾಂಸ ಅಂದ್ರಲ್ಲ, ಇನ್ನು ಈ ಕುಂಬಳಕಾಯಿ ನಾನು ಮುಟ್ಟಲ್ಲ!"

ಇಷ್ಟಕ್ಕೇ ನಿಂತಿದ್ದರೆ ಮನೆಯ ಮಾನ ಉಳಿಯುತ್ತಿತ್ತು. ಒಂದು ಸತ್ಯನಾರಾಯಣ ಪೂಜೆಯಲ್ಲಿ ಯಾರೋ ಆಂಟಿ "ವೀಕೆಂಡ್ ಏನ್ ಪ್ಲ್ಯಾನು?" ಎಂದು ಬಾಯಿಮಾತಿಗೆ ಕೇಳಿದರು. ಭಾವ ಶುರುಹಚ್ಚಿಕೊಂಡರು: "ಹೊಡೆದ ತಕ್ಷಣ ಸೀಳ್ಬೇಕು ಆಂಟಿ. ನಮ್ಮ ಸ್ಯಾನ್ ಡಿಯೇಗೊ ಬಿಸಿಲು ನೋಡಿ, ತಡ ಮಾಡಿದ್ರೆ ಕೆಟ್ಟೋಗತ್ತೆ. ಜಾಗ ನೆರಳಲ್ಲಿರ್ಬೇಕು, ಜಿಂಕೆ ತಲೆ ಏರಿನ ಕಡೆ, ದಾರಿಯಿಂದ ದೂರ, ನೀರಿಂದ ಇನ್ನೂ ದೂರ..." ಆಂಟಿಯ ಬಾಯಲ್ಲಿ ಸಜ್ಜಿಗೆ ಪ್ರಸಾದ. ಪಾಪ, ನುಂಗುವ ಹಾಗಿಲ್ಲ, ಉಗುಳುವ ಹಾಗೂ ಇಲ್ಲ!

ಎರಡು ವರ್ಷ ಇವರಿಬ್ಬರೂ ಜೂಲಿಯನ್ ಕಡೆಯ ಬೆಟ್ಟ ಹತ್ತಿ, ಪುಳಿಯೋಗರೆ ತಿಂದು, ಬರಿಗೈಯಲ್ಲಿ ಇಳಿದರು. ಮೂರನೆಯ ವರ್ಷ ಅಜ್ಜನ ಗುಂಡು ಒಂದು ಜಿಂಕೆಗೆ ತಾಗಿತು. ಶನಿವಾರ ಬೆಳಗ್ಗೆ ಒಂಬತ್ತೂಕಾಲು. ಅಂದರೆ ಸರಿಯಾಗಿ ರಾಹುಕಾಲ! ಕೋರ್ಸು ತಕ್ಷಣ ಸೀಳು ಎನ್ನುತ್ತದೆ, ಪಂಚಾಂಗ ಹತ್ತೂವರೆವರೆಗೆ ಕಾದಿರು ಎನ್ನುತ್ತದೆ. ಭಾವ ವಾಚ್ ನೋಡಿ ಲೆಕ್ಕ ಹಾಕಿದರು. ಬೆಂಗಳೂರಿನಲ್ಲಿ ಆಗಲೇ ರಾತ್ರಿ ಒಂಬತ್ತೂಮುಕ್ಕಾಲು. ಅಲ್ಲಿ ರಾಹುಕಾಲ ಮುಗಿದು ಹನ್ನೊಂದು ತಾಸು ಕಳೆದಿತ್ತು. ಪಂಚಾಂಗ ತಂದದ್ದು ಬೆಂಗಳೂರಿನಿಂದ ತಾನೇ!

ಮಧ್ಯಾಹ್ನ ಸುದ್ದಿ ಕೇಳಿ ನಾನು ಎರಡು ಗಂಟೆ ಡ್ರೈವ್ ಮಾಡಿಕೊಂಡು ಬಂದೆ, ಗೇಲಿ ಮಾಡುವುದಕ್ಕೆಂದೇ. ಅಕ್ಕ ಗಂಡನನ್ನು ಹಿತ್ತಲಲ್ಲೇ ನಿಲ್ಲಿಸಿ ಗಿಡಕ್ಕೆ ನೀರು ಬಿಡುವ ಪೈಪಿನಿಂದ ಸ್ನಾನ ಮಾಡಿಸುತ್ತಿದ್ದಳು. ಸೀಳಿದ್ದು ಭಾವನೇ ಅಂತೆ! ಜನಿವಾರವನ್ನು ಕಿವಿಗೆ ಸುತ್ತಿಕೊಂಡು, ಎರಡು ಸಲ ಪೊದೆಯ ಹಿಂದೆ ಹೋಗಿ ವಾಂತಿ ಮಾಡಿ ಬಂದು ಕೆಲಸ ಮುಗಿಸಿದರಂತೆ.

"ಏನ್ ಭಾವ, ಕೇಕಿಗೆ ಹೆದರೋರು ಜಿಂಕೆಗೇ ಕೈ ಹಾಕಿಬಿಟ್ರಾ? ಅಜ್ಜ ಏನ್ ಮಾಡ್ತಿದ್ರು?" ಎಂದೆ.

ಭಾವ ನಗಲಿಲ್ಲ. "ಅವ್ರ ಕೈ ನಡುಗ್ತಿತ್ತು ಕಣಮ್ಮ. ಚಾಕು ಜಾರಿ ಬಿತ್ತು, ಎತ್ತಿ ಕೊಟ್ಟೆ. ಮತ್ತೆ ಬಿತ್ತು. ಮೂರನೇ ಸಲ ಎತ್ತಿ ಕೊಡೋಕೆ ನನಗೆ ಮನಸ್ಸು ಬರ್ಲಿಲ್ಲ. ನನಗೂ ಒಂದ್ಸಲ ಕಲಿಸಿಕೊಡಿ, ಬರೀ ಓದಿ ಸಾಕಾಗಿದೆ ಅಂದೆ."

ಅಜ್ಜ ಕಲ್ಲಿನ ಮೇಲೆ ಕೂತು ಒಂದೊಂದಾಗಿ ಹೇಳಿಕೊಟ್ಟರಂತೆ. ಎಲ್ಲ ಗೊತ್ತಿದ್ದ ಭಾವ, ಏನೂ ಗೊತ್ತಿಲ್ಲದವರಂತೆ ಪ್ರತಿಯೊಂದನ್ನೂ ಎರಡೆರಡು ಸಲ ಕೇಳಿದರಂತೆ.

ಗೇಲಿ ಮಾಡಲು ಅಷ್ಟು ದೂರ ಬಂದಿದ್ದಕ್ಕೆ ನಾಚಿಕೆಯಾಯಿತು.

"ಅಜ್ಜನ ಮಗಳು ಬಂದಿದ್ಲಾ? ಯಾರು ಸೀಳಿದ್ದು ಅಂತ ಕೇಳಿದ್ಲಾ?" ಎಂದೆ ಮೆಲ್ಲಗೆ.

"ಬಂದಿದ್ಲು. ನಾನು ಬಾಯಿ ಬಿಡೋಕ್ ಮುಂಚೆ ಅಜ್ಜನೇ ಹೇಳಿದ್ರು: 'ಈ ಹುಡುಗ ತುಂಬಾ ಸ್ಲೋ. ಇನ್ನೂ ನಾಲ್ಕೈದು ವರ್ಷ ಕಲಿಸ್ಬೇಕು.'"