ಕಣ್ಣು ಮುಚ್ಚಿ ಹೊಡೆದ ಟೈಪು

ಮನ್ಮಥಪ್ಪನ ಹೊಟ್ಟೆಗೆ ಬೆಂಕಿ ಹಚ್ಚಿದ್ದು ಒಂದು ಜೋಡಿ ಚಪ್ಪಲಿ.

ಬೀದರಿನ ಕೊಳಾರದಲ್ಲಿದ್ದ ಬಿತ್ತನೆ ಬೀಜದ ಗೋದಾಮಿಗೆ ಆ ವರ್ಷ ಮಳೆ ಬರಲಿಲ್ಲ, ಕಂಪ್ಯೂಟರ್ ಬಂತು. ಹಮಾಲರು ಅರ್ಧಕ್ಕರ್ಧ ಪುಣೆ, ಹೈದರಾಬಾದ್ ಕಡೆ ದುಡಿಯಲು ಹೋಗಿದ್ದರು. ಉಳಿದವರು ತಗಡಿನ ಕೆಳಗೆ ಹಪ್ಪಳದಂತೆ ಸುಟ್ಟುಹೋಗುತ್ತಿದ್ದರು. ಕಂಪ್ಯೂಟರಿಗೆ ಮಾತ್ರ ಏಸಿ ಕೋಣೆ! ಧೂಳು ಹೋಗಬಾರದೆಂದು ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋದಂತೆ ಹೋಗಬೇಕು. ಬೆಳಗಿನಿಂದ ಸಂಜೆತನಕ ಆ ಬಾಗಿಲಲ್ಲಿ ಬಿದ್ದಿರುತ್ತಿದ್ದದ್ದು ಮಚ್ಛೇಂದ್ರನ ಚಪ್ಪಲಿ.

ಈ ಮಚ್ಛೇಂದ್ರ ಡಾಬಕಾ ಊರಿನವನು. ಭಾಲ್ಕಿಯಲ್ಲಿ ಕೆಲವು ಭಾನುವಾರ ಕಂಪ್ಯೂಟರ್ ಕ್ಲಾಸಿಗೆ ಹೋಗಿಬಂದಿದ್ದ, ಅಷ್ಟೇ. ಕೋಳಿ ಕಾಳು ಹೆಕ್ಕಿದಂತೆ ಕೀಬೋರ್ಡಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒಂದೇ ಬೆರಳಿನಿಂದ ಒತ್ತುತ್ತಿದ್ದ. ಮನ್ಮಥಪ್ಪನಾದರೋ ಇಂಗ್ಲಿಷ್ ಟೈಪಿಂಗಿನಲ್ಲಿ ಸೀನಿಯರ್ ಪಾಸಾದ ಮನುಷ್ಯ. ಹತ್ತೂ ಬೆರಳು ಆಡಿಸಿ, ಕೆಳಗೆ ನೋಡದೆ ಹೊಡೆಯುವವನು. ಅಂಥವನು ವರಾಂಡದಲ್ಲಿ ಟೈಪ್‌ರೈಟರ್ ಮುಂದೆ ಬೆವರು ಸುರಿಸಬೇಕು, ಕೋಳಿ ಏಸಿಯಲ್ಲಿ ಕೂರಬೇಕು! ಯಾವ ಸೀಮೆಯ ನ್ಯಾಯ?

ಮ್ಯಾನೇಜರ್ ಅಬ್ದುಲ ಗಫೂರ ಸಾಹೇಬರ ತಲೆ ತಿಂದು ತಿಂದು ಕೊನೆಗೂ ಒಪ್ಪಿಸಿದ. ಇಬ್ಬರೂ ಕಂಪ್ಯೂಟರಿನಲ್ಲಿ ಒಂದೇ ಪತ್ರ ಟೈಪು ಮಾಡಬೇಕು. ಅದನ್ನು ನೋಡಿ ಕುರ್ಚಿ ಯಾರಿಗೆಂದು ಸಾಹೇಬರು ಹೇಳುತ್ತಾರೆ.

ಇಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಹೊಟ್ಟೆಕಿಚ್ಚಿನವನಿಗೆ ತಾನು ಗೆದ್ದರೆ ಸಾಲದು, ಎದುರಿನವನು ಮಣ್ಣು ಮುಕ್ಕಬೇಕು. ಆ ದಿನ ಎಲ್ಲರಿಗಿಂತ ಮೊದಲೇ ಬಂದು, ಚಮಚದ ಹಿಡಿಯಿಂದ ಕೀಬೋರ್ಡಿನ ಗುಂಡಿಗಳ ಟೊಪ್ಪಿಗೆ ಕಿತ್ತು ಅದಲುಬದಲು ಕೂರಿಸತೊಡಗಿದ. ಟೈಪ್‌ರೈಟರಿನಲ್ಲೂ ಕೀಬೋರ್ಡಿನಲ್ಲೂ ಇಂಗ್ಲಿಷ್ ಅಕ್ಷರಗಳ ಜಾಗ ಒಂದೇ. ನೋಡಿ ಒತ್ತುವವನು ಕೆಡುತ್ತಾನೆ, ನೋಡದೆ ಹೊಡೆಯುವವನಿಗೆ ಏನಾಗುತ್ತದೆ?

ಅಷ್ಟರಲ್ಲಿ ಒಂದು ಗುಂಡಿ ಚಿಮ್ಮಿ ಟೇಬಲ್ಲಿನ ಕೆಳಗೆ ಹೋಯಿತು. ಮನ್ಮಥಪ್ಪ ಬೋರಲು ಬಿದ್ದು ತಡಕಾಡುತ್ತಿದ್ದಾಗ, ಸ್ಟಾಕು ನೋಡಿಕೊಳ್ಳುವ ಕಸ್ತೂರಿಬಾಯಿ ಒಳಗೆ ಬಂದಳು.

"ಅಯ್ಯ! ಮನ್ಮಥಪ್ಪಣ್ಣಾ, ನೆಲಕ್ಕ ಮೂಗ ಹಚ್ಚಿ ಏನ್ ಹುಡಕ್ಲತ್ತೀರಿ?"

"ಹುಡಕ್ಲತ್ತಿಲ್ಲ ತಂಗಿ... ನಮಸ್ಕಾರ ಮಾಡ್ಲತ್ತೀನಿ. ಸರಸ್ವತಿ ಅಲ್ಲೇನು ಇದು?"

"ಒಣಾ ನಮಸ್ಕಾರ ಹ್ಯಾಂಗ ನಡೀತದ್ರಿ? ತಡೀರಿ!"

ಕಸ್ತೂರಿಬಾಯಿ ತಡೆಯೆಂದರೆ ಮುಗಿಯಿತು. ವಿಭೂತಿ ಬಂತು, ಊದಿನಕಡ್ಡಿ ಬಂತು, ಎಲ್ಲಿಂದಲೋ ತೆಂಗಿನಕಾಯಿಯೂ ಬಂತು. ಪರದೆಯ ಹಣೆಗೆ ಮೂರು ಬೆರಳು ಎಳೆದಳು. ಕಾಯಿಯನ್ನು ಕಂಪ್ಯೂಟರಿನ ಡಬ್ಬಿಗೇ ಅಪ್ಪಳಿಸಲು ಎತ್ತಿದಾಗ ಮನ್ಮಥಪ್ಪ ಹೌಹಾರಿ ಕೈ ಅಡ್ಡ ಹಿಡಿದ. ಕಾಯಿ ಒಡೆಯಲಿಲ್ಲ, ಹೆಬ್ಬೆರಳು ಬದನೆಕಾಯಿಯಾಯಿತು. ಪುಣ್ಯಕ್ಕೆ ಟೈಪಿಂಗಿನಲ್ಲಿ ಹೆಬ್ಬೆರಳಿಗಿರುವ ಕೆಲಸ ಒಂದೇ, ಪದಗಳ ನಡುವೆ ಜಾಗ ಬಿಡುವುದು. ಅವಳು ಕಾಯಿ ಒಡೆಯಲು ಹೊರಗೆ ಹೋದಾಗ ಕೊನೆಯ ಗುಂಡಿ ಹುಡುಕಿ ಒತ್ತಿ ಕೂರಿಸಿದ.

ಪರೀಕ್ಷೆ ಶುರುವಾಯಿತು. ಮೊದಲು ಮಚ್ಛೇಂದ್ರ. ಹುಡುಕಿದ, ಒತ್ತಿದ, ಬೆವರಿದ. ಏಸಿಯಲ್ಲಿ ಬೆವರು! ಮನ್ಮಥಪ್ಪನಿಗೆ ಎದೆಯೊಳಗೆ ಮಳೆ ಸುರಿದಂತಾಯಿತು.

ಸಾಹೇಬರು ಕನ್ನಡಕ ಏರಿಸಿ ಪರದೆ ನೋಡಿದರು. "ಇದ್ಯಾವ ಭಾಷಾ ಅದಪಾ? ಅರಬ್ಬಿನೂ ಅಲ್ಲ, ಇಂಗ್ಲಿಷೂ ಅಲ್ಲ."

"ವೈರಸ್ ಬಂದಂಗ ಕಾಣ್ತದ್ರಿ ಸಾಹೇಬ್ರ. ನಿನ್ನಿತನ ಛಲೋ ಇತ್ತು," ಎಂದ ಮಚ್ಛೇಂದ್ರ.

"ಕಾಲ ತೊಳ್ಕೊಂಡು ಒಳಗ ಬಾ ಅಂದ್ರ ಕೇಳಲ್ಲ ನೀ," ಎಂದಳು ಕಸ್ತೂರಿಬಾಯಿ. "ಬರಲಾರದೇ ಏನ್ ಮಾಡ್ತದ?"

"ಕುಣೀಲಿಕ್ಕ ಬರಲ್ಲಂದ್ರ ಅಂಗಳ ಡೊಂಕು," ಎಂದ ಮನ್ಮಥಪ್ಪ. "ಏಳಪಾ ತಮ್ಮಾ, ಜಾಗಾ ಬಿಡು."

ಬೀಜದ ಅಂಗಡಿಗಳಿಗೆ ವರ್ಷವಿಡೀ ಹೊಡೆದ ಅದೇ ಪತ್ರ, ಬಾಯಿಪಾಠವಾಗಿತ್ತು. ಮೆರೆಯಬೇಕೆಂದು ಕಣ್ಣನ್ನೇ ಮುಚ್ಚಿದ. ಹತ್ತಿ ಬಡಿದಂತೆ ಕೀಬೋರ್ಡ್ ಬಡಿದ. ಆದರೆ ಹಳೆಯ ಚಾಳಿ ಕೈ ಬಿಡಬೇಕಲ್ಲ? ಒಂದು ಸಾಲು ಮುಗಿಯಿತೆನಿಸಿದಾಗಲೆಲ್ಲ ಎಡಗೈ ತಾನಾಗಿ ಎದ್ದು, ಟೈಪ್‌ರೈಟರಿನ ಗಾಡಿ ನೂಕಿದಂತೆ ಪರದೆಯನ್ನು ಜಾಡಿಸಿ ನೂಕುತ್ತಿತ್ತು. "ಬಿತ್ತು! ಬಿತ್ತು!" ಎಂದು ಕೂಗುತ್ತ ಕಸ್ತೂರಿಬಾಯಿ ಅದನ್ನು ಕೂಸಿನಂತೆ ಅವುಚಿಕೊಂಡು ನಿಂತಳು. ಪತ್ರ ಮುಗಿಯಿತು. ಹುಡುಕಿದರೂ ಒಂದು ತಪ್ಪಿಲ್ಲ.

"ವ್ಹಾ!" ಸಾಹೇಬರು ಅವನ ಬೆನ್ನು ತಟ್ಟಿದರು. "ಕೈ ಅಂದ್ರ ಇದು ಕೈ! ಮಚ್ಛೇಂದ್ರ, ಕಂಪ್ಯೂಟರ್‌ದಾಗ ತಪ್ಪು ಅಳಸೂ ಗುಂಡಿ ಅದ ಅಂದಿದ್ದಿಲ್ಲಾ?"

"ಅದ ರೀ ಸಾಹೇಬ್ರ. ಎಷ್ಟು ತಪ್ಪಾದರೂ ಅಳಸ್ತದ."

"ಟೈಪ್‌ರೈಟರ್‌ದಾಗ?"

"ಹಾಳಿ ಹರದು ಒಗೀಬೇಕ್ರಿ."

"ಹಂಗಾರ ಮುಗೀತು. ಈ ಮಚ್ಛೇಂದ್ರನ್ನ ಟೈಪ್‌ರೈಟರಿಗೆ ಕೂಡಸಿದ್ರ ಗೋದಾಮಿನಾಗ ಹಾಳಿನೇ ಉಳಿಯಂಗಿಲ್ಲ. ಕಂಪ್ಯೂಟರ್ ಇವನಿಗೇ ಇರಲಿ. ಮನ್ಮಥಪ್ಪ, ತಪ್ಪೇ ಮಾಡಲಾರದ ನಿಮಗ ಅಳಸೂ ಮಶಿನ್ ಯಾಕ್ರಿ? ಕುಂಟರ ಕೋಲು ಕಸಗೊಂಡಂಗ ಆಗ್ತದ."

ಮನ್ಮಥಪ್ಪ ಕೂತ ಕುರ್ಚಿಯನ್ನೇ ಬಿಗಿಯಾಗಿ ಹಿಡಿದುಕೊಂಡ. ಗುಂಡಿಯ ವಿಷಯ ಹೇಳಿದರೆ ನೌಕರಿ ಹೋಗುತ್ತದೆ, ಹೇಳದಿದ್ದರೆ ಏಸಿ ಹೋಗುತ್ತದೆ.

"ನಾನೂ ತಪ್ಪು ಮಾಡ್ತೀನ್ರಿ ಸಾಹೇಬ್ರ!" ಎಂದು ಚೀರಿದ. "ಭಾಳ ತಪ್ಪು ಮಾಡ್ತೀನಿ! ಇವತ್ತೂ ಮಾಡೀನಿ!"

"ನೋಡ್ರಿ ಕಸ್ತೂರಿಬಾಯಿ, ಇಷ್ಟ ಕಲಾ ಇದ್ದರೂ ಎಷ್ಟ ವಿನಯ!" ಸಾಹೇಬರ ಕಣ್ಣು ತುಂಬಿಬಂತು. "ಇಂಥವರಿಗೇ ದೊಡ್ಡ ಕೆಲಸ ಒಪ್ಪಸಬೇಕು. ನಮ್ಮ ಔರಾದ ಗೋದಾಮಿನ ಟೈಪಿಸ್ಟ್ ಮನಿಮಂದಿ ಕರಕೊಂಡು ಪುಣೆಗೆ ಹೋಗ್ಯಾನ. ಅವನ ಟೈಪ್‌ರೈಟರ್ ಮಶಿನ್ ನಾಳಿ ಇಲ್ಲೇ ಬರ್ತದ. ಅದರ ಕೆಲಸಾನೂ ನಿಮ್ಮದೇ."

"ಒಬ್ಬ ಮನಷ್ಯಾಗ ಎರಡು ಮಶಿನ್ ಹ್ಯಾಂಗ ಹೊಡೀಲಿಕ್ಕ ಬರ್ತದ್ರಿ?"

"ಯಾಕ ಬರಲ್ಲ?" ಎಂದರು ಸಾಹೇಬರು ಪ್ರೀತಿಯಿಂದ. "ನೀವಂತೂ ನೋಡೂದೇ ಇಲ್ಲ. ಎಡಗೈಗೊಂದು, ಬಲಗೈಗೊಂದು ಇಟ್ಟರಾತು."